ಲಿನಕ್ಸ್‌ನ್ಯಾಗ ಒಳಗಿನ ಡಯಲ್‌ಅಪ್ ಮೋಡೆಮ್ ಹಚ್ಚೂದು ಹೆಂಗ? ಡಬ್ಬಿ ಬಿಡ್ರಿ, ಚಿಪ್ ನೋಡ್ರಿ

ಮಹಾಲಿಂಗಪುರದಾಗ ನಮ್ಮ ಕಾಕಾಂದು ಬೆಲ್ಲದ ಅಡತಿ ಅಂಗಡಿ ಐತಿ, ಅಲ್ಲೊಂದು ಪೆಂಟಿಯಂ 4 ಕಂಪ್ಯೂಟರ್, ಅದ್ರಾಗಿನ ವಿಂಡೋಸ್ ತಿಂಗಳಿಗೊಮ್ಮಿ ವೈರಸ್ ಹಿಡದು ಮಲಗ್ತಿತ್ತು, ಪ್ರತಿ ಸಲ ಬಾಗಲಕೋಟಿಯಿಂದ ನಾನ ಹೋಗಿ ಫಾರ್ಮ್ಯಾಟ್ ಮಾಡ್ಬೇಕು. ಸಾಕಾಗಿ ಕಡೀಕ 2006ರ ಲಿನಕ್ಸ್ ಆವೃತ್ತಿ ಉಬುಂಟು 6.06 ಹಾಕಿ ಬಿಟ್ಟೆ. ಆಗ ಉಬುಂಟುದವ್ರ ಶಿಪ್‌ಇಟ್‌ಗೆ ವಿಳಾಸ ಕೊಟ್ರ ಪೋಸ್ಟಿನ್ಯಾಗ ಪುಕ್ಕಟೆ ಬರ್ತಿತ್ತಲ್ಲ, ಅದ ಸಿಡಿ. ಓಪನ್‌ಆಫೀಸ್ ಬಂತು, ಪ್ರಿಂಟರ್ ಬಂತು, ಕನ್ನಡ ಅಕ್ಷರಾನೂ ಛಂದ ಕಂಡ್ವು, ಆದ್ರ ನೆಟ್ ಬರಲಿಲ್ಲ. ಕಾಕಾ ಫೋನಿನ ವಾಯರ್ ಕೈಯಾಗ ಹಿಡ್ಕೊಂಡು, "ತಮ್ಮಾ, ಎಲ್ಲಾ ಛಲೋ ಆತು, ಇದನ್ನ ಹಚ್ಚಿದ್ರ ಯಾಕ ಏನೂ ಆಗವಲ್ದು? ಮುಂಜಾನಿ ರೇಟ್ ನೋಡ್ಬೇಕು, ವ್ಯಾಪಾರಿಗಳ ಮೇಲ್ ಬಂದಿರ್ತಾವು" ಅಂದ್ರು. ಎರಡು ದಿನ ಒಂದು ರಾತ್ರಿ ಹಿಡೀತು ನನಗ. ನಮ್ಮ ಕಡೆ ಆಗ ಬ್ರಾಡ್‌ಬ್ಯಾಂಡ್ ಬಾರದ ಊರು ಬಕ್ಕಳ ಇದ್ವು, ಅಲ್ಲೆಲ್ಲಾ ಫೋನ್ ಲೈನಿನ ಮ್ಯಾಲ ನೆಟ್ ತರೋ ಈ ಒಳಗಿನ ಮೋಡೆಮ್ಮ ಗತಿ ಇತ್ತು, ಅದ್ಕ ನನಗ ಹತ್ತಿದ ದಾರಿ ಪೂರ್ತಿ ಬರದು ಇಡ್ತೀನಿ, ನಿಮಗ ಅರ್ಧ ದಿನದಾಗ ಮುಗೀಲಿ.

ಒಂದು ಮಾತು ಮದ್ಲ. ಕಮಾಂಡ್‌ಗಳನ್ನ ಇಲ್ಲಿ ಉಚ್ಚಾರ ಹೆಂಗೈತಿ ಹಂಗ ಕನ್ನಡದಾಗ ಬರ್ದೀನಿ, ನೀವು ಟರ್ಮಿನಲ್‌ನ್ಯಾಗ (ಕಮಾಂಡ್ ಹೊಡಿಯೋ ಕಿಡಕಿ) ಇಂಗ್ಲೀಷ್ ಸಣ್ಣ ಅಕ್ಷರದಾಗ ಹೊಡೀರಿ, ದೊಡ್ಡ ಅಕ್ಷರ ಬೇಕಾದಲ್ಲಿ ನಾನ ಹೇಳ್ತೀನಿ. ಲಿನಕ್ಸ್‌ಗೆ ದೊಡ್ಡದು ಬ್ಯಾರೆ ಸಣ್ಣದು ಬ್ಯಾರೆ.

ಮೋಡೆಮ್ ಯಾಕ ತಾನ ನಡ್ಯಂಗಿಲ್ಲ ಅನ್ನೂದು ತಿಳಕೊಂಡ್ರ ಅರ್ಧ ಕೆಲಸ ಆದಂಗ. ಮೋಡೆಮ್‌ನ್ಯಾಗ ಎರಡು ದೊಡ್ಡ ಕೆಲಸ ಇರ್ತಾವ್ರಿ, ಒಂದು ಫೋನ್ ಲೈನಿನ ಸಪ್ಪಳಾನ ಡೇಟಾ ಮಾಡೂದು, ಡೇಟಾನ ಸಪ್ಪಳ ಮಾಡೂದು, ಅದನ್ನ ಡಿಎಸ್‌ಪಿ ಅನ್ನೋ ಚಿಪ್ ಮಾಡ್ತೈತಿ, ಇನ್ನೊಂದು ಡಯಲ್ ಮಾಡು, ಫೋನ್ ಇಡು ಅನ್ನೋ ಎಟಿ ಕಮಾಂಡ್ ಕೇಳೂದು, ತಪ್ಪು ಬಂದ್ರ ತಿದ್ದೂದು, ಅದು ಕಂಟ್ರೋಲರ್ ಕೆಲಸ. ಹಳೇ ಮೋಡೆಮ್ ಮತ್ತ ಹೊರಗ ಸೀರಿಯಲ್ ಪೋರ್ಟಿಗೆ ಹಚ್ಚೋ ಡಬ್ಬಿ ಮೋಡೆಮ್‌ನ್ಯಾಗ ಎರಡೂ ಒಳಗ ಇರ್ತಾವು, ಹಚ್ಚಿದ್ರ ಸಾಕು, ಡ್ರೈವರ್ ಬೇಕಾಗಂಗಿಲ್ಲ. ನಮ್ಮ ಅಸೆಂಬಲ್ಡ್ ಕಂಪ್ಯೂಟರ್‌ನ್ಯಾಗ ಬರ್ತಿದ್ದ ಸಸ್ತಾ ಪಿಸಿಐ ಕಾರ್ಡ್ (ಮದರ್‌ಬೋರ್ಡಿನ ಸ್ಲಾಟಿಗೆ ಹಚ್ಚೋದು) ಹಂಗಲ್ಲ, ರೊಕ್ಕ ಉಳಸಾಕ ಕಂಪನಿಯವ್ರು ಕಂಟ್ರೋಲರ್ ತಗದು ಬಿಟ್ಟಾರು, ಎಷ್ಟೋ ಕಾರ್ಡಿನ್ಯಾಗ ಡಿಎಸ್‌ಪಿನೂ ಇಲ್ಲ, ಅದೆಲ್ಲಾ ಕೆಲಸ ನಿಮ್ಮ ಸಿಪಿಯು ಮಾಡ್ಬೇಕು. ಗಾಡಿ ಐತಿ ಎತ್ತಿಲ್ಲ ಅಂದಂಗ. ಎತ್ತು ಅಂದ್ರ ಸಿಪಿಯು, ಎತ್ತು ಗಾಡಿ ಕೂಡಿಸೋ ನೊಗ ಅಂದ್ರ ಡ್ರೈವರ್. ಆ ನೊಗಾನ ಕಂಪನಿಯವ್ರು ವಿಂಡೋಸ್‌ಗಷ್ಟ ಮಾಡಿ ಕೊಟ್ರು, ಅದ್ಕ ಇದಕ್ಕ ವಿನ್‌ಮೋಡೆಮ್ ಅಂತ ಹೆಸರು ಬಿತ್ತು. ಲಿನಕ್ಸ್ ಕೆಟ್ಟದು ಅಂತ ಜನ ಬೈತಾರು, ಅದು ತಪ್ಪು. ಚಿಪ್ಪಿನ ಒಳಗಿನ ಮಾಹಿತಿ ಕೊಡದ ಡ್ರೈವರ್ ಬರ್ಯಾಕ ಯಾರಿಗೂ ಬರಂಗಿಲ್ಲ, ಅಷ್ಟಾದ್ರೂ ಊರೂರಿನ ಮಂದಿ ತಮ್ಮ ವ್ಯಾಳ್ಯಾ ಕೊಟ್ಟು ಇಷ್ಟು ಚಿಪ್ ನಡಿಯುವಂಗ ಮಾಡ್ಯಾರ ಅನ್ನೂದು ದೊಡ್ಡ ಮಾತು.

ಹಂಗಾದ್ರ ಮದ್ಲಿನ ಕೆಲಸ, ನಿಮ್ಮ ಕಾರ್ಡಿನ ಮ್ಯಾಲ ಯಾವ ಚಿಪ್ ಐತಿ ಅಂತ ಗುರ್ತು ಹಿಡಿಯೂದು. ಇಲ್ಲೇ ನಾ ಒಂದು ಪೂರ್ತಿ ದಿನ ಕಳಕೊಂಡೆ. ಕಾಕಾನ ಹಂತೇಕ ಕಾರ್ಡಿನ ಖಾಲಿ ಡಬ್ಬಿ ಇತ್ತು, ಅದ್ರ ಮ್ಯಾಲಿನ ಹೆಸರು ಹಿಡ್ಕೊಂಡು ನಾ ಡ್ರೈವರ್ ಹುಡಿಕೇ ಹುಡಿಕಿದೆ, ನೆಟ್ ಸೆಂಟರಿಗೆ ಮೂರು ಸಲ ಹೋಗಿ ಬಂದೆ, ತಂದಿದ್ದು ಒಂದೂ ಹೊಂದಲಿಲ್ಲ. ಡಬ್ಬಿ ಮ್ಯಾಲ ಇರೂದು ಮಾರಿದವ್ರ ಹೆಸರು, ಒಂದ ಹೆಸರಿನ ಡಬ್ಬಿಯೊಳಗ ಈ ವರ್ಷ ಒಂದು ಚಿಪ್ಪು ಮುಂದಿನ ವರ್ಷ ಇನ್ನೊಂದು ಚಿಪ್ಪು ಇರಬಹುದು. ಕಡೀಕ ಕ್ಯಾಬಿನೆಟ್ ಬಿಚ್ಚಿದೆ. ಒಳಗ ಬೆಲ್ಲದ ಅಂಗಡಿ ಧೂಳು ಅಂದ್ರ ನಿಮಗ ಗೊತ್ತ ಐತಿ, ಜಿಗಟ ಧೂಳು, ಬಣ್ಣ ಹಚ್ಚೋ ಬ್ರಷ್‌ನಿಂದ ಮೆಲ್ಲಕ ಝಾಡಿಸಿ ಬ್ಯಾಟ್ರಿ ಹಚ್ಚಿ ನೋಡಿದ್ರ ನಡಕಿನ ದೊಡ್ಡ ಕರೇ ಚಿಪ್ಪಿನ ಮ್ಯಾಲ ಸಣ್ಣ ಬಿಳೇ ಅಕ್ಷರದಾಗ ಲೂಸೆಂಟ್ ಅಂತಿತ್ತು, ಅದ್ರ ಕೆಳಗ 1646 ಅಂತ ಶುರುವಾಗೋ ನಂಬರ್. ಅಲ್ಲಿಂದ ದಾರಿ ಸೀದಾ ಆತು.

ಬಿಚ್ಚದನೂ ತಿಳೀಬಹುದು. ಟರ್ಮಿನಲ್ ತಗದು ಎಲ್‌ಎಸ್‌ಪಿಸಿಐ ಅಂತ ಹೊಡೀರಿ, ಪಿಸಿಐ ಸ್ಲಾಟಿನ್ಯಾಗ ಇರೂದೆಲ್ಲಾ ಸಾಲಾಗಿ ಬರ್ತೈತಿ. ಅದ್ರಾಗ ಕಮ್ಯುನಿಕೇಶನ್ ಕಂಟ್ರೋಲರ್ ಅಂತ ಒಂದು ಸಾಲು ಇದ್ರ ಅದು ಬಹುತೇಕ ವಿನ್‌ಮೋಡೆಮ್. ಸೀರಿಯಲ್ ಕಂಟ್ರೋಲರ್ ಅಂತ ಬಂದ್ರ ಖರೇ ಹಾರ್ಡ್‌ವೇರ್ ಮೋಡೆಮ್ ಇರೂ ಸಾಧ್ಯತೆ ಹೆಚ್ಚು, ಖುಷಿ ಪಡ್ರಿ. ಎಲ್‌ಎಸ್‌ಪಿಸಿಐ ಆದಮ್ಯಾಲ ಜಾಗ ಬಿಟ್ಟು ಡ್ಯಾಶ್ ಎನ್ ಹೊಡದ್ರ ಹೆಸರಿನ ಬದ್ಲಿ ನಂಬರ್ ಬರ್ತಾವು, ನಾಕಂಕಿ, ಎರಡು ಚುಕ್ಕಿ, ಮತ್ತ ನಾಕಂಕಿ. ಮದ್ಲಿನ ನಾಕಂಕಿ ಕಂಪನಿದು. 11ಸಿ1 ಇದ್ರ ಲೂಸೆಂಟ್ ಇಲ್ಲಾ ಅಗೀರ್, 14ಎಫ್1 ಇದ್ರ ಕೊನೆಕ್ಸಂಟ್, 163ಸಿ ಇದ್ರ ಸ್ಮಾರ್ಟ್‌ಲಿಂಕ್, 1057 ಇದ್ರ ಮೊಟೊರೊಲಾ, 8086 ಇದ್ರ ಇಂಟೆಲ್. ಈ ನಂಬರ್ ಹಾಳಿ ಮ್ಯಾಲ ಬರಕೋರಿ, ಮುಂದ ಎಲ್ಲಿ ಕೇಳಿದ್ರೂ ಮದ್ಲ ಅದನ್ನ ಕೇಳ್ತಾರು. ಭಾಳ ಹಳೇ ಕಂಪ್ಯೂಟರ್‌ನ್ಯಾಗ ಉದ್ದನ್ನ ಐಎಸ್‌ಎ ಸ್ಲಾಟಿನ ಕಾರ್ಡ್ ಇದ್ರ ಈ ಪಟ್ಟಿಯೊಳಗ ಕಾಣಂಗಿಲ್ಲ, ಅಂಥಾವು ಬಹಳಷ್ಟು ಪೂರ್ತಿ ಹಾರ್ಡ್‌ವೇರ್ ಮೋಡೆಮ್ಮ ಇರ್ತಾವು, ಕಾರ್ಡಿನ ಮ್ಯಾಲಿನ ಜಂಪರ್ (ಪೋರ್ಟ್ ಆರಿಸೋ ಸಣ್ಣ ಪಿನ್ನು) ಸರಿ ಇಟ್ರ ಟಿಟಿವೈಎಸ್ ಅನ್ನೋ ಸೀರಿಯಲ್ ಪೋರ್ಟ್ (ಎಸ್ ದೊಡ್ಡ ಅಕ್ಷರ) 2 ಇಲ್ಲಾ 3 ಮ್ಯಾಲ ಸಿಗ್ತಾವು.

ಇಂಥಾ ಮೋಡೆಮ್ ಲಿನಕ್ಸ್‌ನ್ಯಾಗ ನಡಸೋ ಲಿನ್‌ಮೋಡೆಮ್ಸ್ ಗುಂಪಿನವ್ರು ಸ್ಕ್ಯಾನ್‌ಮೋಡೆಮ್ (ನಡುವಿನ ಎಂ ದೊಡ್ಡ ಅಕ್ಷರ) ಅನ್ನೋ ಸಣ್ಣ ಸ್ಕ್ರಿಪ್ಟ್ ಮಾಡಿ ಇಟ್ಟಿದ್ರು, ಪೆನ್ ಡ್ರೈವ್‌ನ್ಯಾಗ ತಂದು ಓಡಿಸಿದ್ರ ನಿಮ್ಮ ಚಿಪ್ ಯಾವುದು, ಯಾವ ಡ್ರೈವರ್ ಬೇಕು ಅಂತ ಮೋಡೆಮ್‌ಡೇಟಾ ಅನ್ನೋ ಫೈಲಿನ್ಯಾಗ ಬರದು ಕೊಡ್ತೈತಿ. ಲ್ಯಾಪ್‌ಟಾಪ್ ಇದ್ದವ್ರು ಇದನ್ನ ತಪ್ಪದ ಮಾಡ್ರಿ, ಯಾಕಂದ್ರ ಅಲ್ಲಿ ಮೋಡೆಮ್ ಸೌಂಡ್ ಚಿಪ್ಪಿನ ಸಂಗಾಟ ಜೋಡಿಸಿರ್ತಾರು, ಎಲ್‌ಎಸ್‌ಪಿಸಿಐ ಇಂಟೆಲ್ ಅಂತ ತೋರಿಸಿದ್ರೂ ಅದ್ರ ಹಿಂದಿನ ಕೋಡೆಕ್ (ಸಪ್ಪಳಾನ ಅಂಕಿ ಮಾಡೋ ಚಿಪ್) ಬ್ಯಾರೆ ಕಂಪನಿದು ಇರ್ತೈತಿ, ಡ್ರೈವರ್ ಆ ಕೋಡೆಕ್ ಮ್ಯಾಲ ಹೋಗ್ತೈತಿ.

ಈಗ ಯಾವ ಚಿಪ್ಪಿಗೆ ಏನು ಅನ್ನೂದು. ಕೊನೆಕ್ಸಂಟ್ ಇದ್ರ ಲಿನಕ್ಸಂಟ್ ಅನ್ನೋ ಕಂಪನಿದು ಡ್ರೈವರ್ ಇತ್ತು, ಡಿಎಸ್‌ಪಿ ಇರೋ ಕಾರ್ಡಿಗೆ ಎಚ್‌ಸಿಎಫ್, ಇಲ್ಲದ್ದಕ್ಕ ಎಚ್‌ಎಸ್‌ಎಫ್, ಎಚ್‌ಎಸ್‌ಎಫ್ ಹಾಕಿದ ಮ್ಯಾಲ ಎಚ್‌ಎಸ್‌ಎಫ್‌ಕಾನ್ಫಿಗ್ ಅಂತ ಹೊಡದ್ರ ಎಲ್ಲಾ ತಾನ ಮಾಡ್ಕೋತೈತಿ, ಆದ್ರ ಪುಕ್ಕಟೆ ಆವೃತ್ತಿ 14.4 ಕೆಬಿಪಿಎಸ್‌ಗೆ ನಿಲ್ತಿತ್ತು, ಪೂರ್ತಿ 56ಕೆ ಬೇಕಂದ್ರ ಲೈಸನ್ಸ್ ಕೊಳ್ಳಬೇಕಿತ್ತು. ಮೇಲ್ ಅಷ್ಟ ನೋಡೋರಿಗೆ 14.4 ನಡೀತೈತಿ ಅಂತ ನನ್ನ ಅಭಿಪ್ರಾಯ, ಪುಟ ತಗಿಯೋರಿಗೆ ಆಗಂಗಿಲ್ಲ. ಸ್ಮಾರ್ಟ್‌ಲಿಂಕ್ ಇದ್ರ ಎಸ್‌ಎಲ್‌ಮೋಡೆಮ್‌ಡಿ ಅನ್ನೋ ಪ್ರೋಗ್ರಾಂ ಹಿಂದಿನಿಂದ ನಡೀತಾ ಇರ್ಬೇಕು, ಅದನ್ನ ಶುರು ಮಾಡುವಾಗ ಕಂಟ್ರಿ ಅನ್ನೋ ಕಡೆ ಇಂಡಿಯಾ ಅಂತ ಕೊಡ್ರಿ, ಮೋಡೆಮ್ ಟಿಟಿವೈಎಸ್‌ಎಲ್0 (ಎಸ್‌ಎಲ್ ದೊಡ್ಡ ಅಕ್ಷರ) ಅನ್ನೋ ಹೆಸರಿನ್ಯಾಗ ಕಾಣ್ತೈತಿ. ಲ್ಯಾಪ್‌ಟಾಪಿನ ಎಷ್ಟೋ ಮೋಡೆಮ್ ಇದ ಪ್ರೋಗ್ರಾಂ ಮ್ಯಾಲ ಆಲ್ಸಾ (ಲಿನಕ್ಸ್‌ನ ಸೌಂಡ್ ವ್ಯವಸ್ಥಾ) ಮೂಲಕ ನಡೀತಾವು. ಲೂಸೆಂಟ್‌ಗೆ ಎಲ್‌ಟಿಮೋಡೆಮ್. ನಾ ಮಾಡಿದ್ದು ಇದನ್ನ, ಹಂಗಾಗಿ ಇದನ್ನ ಬಿಡಿಸಿ ಹೇಳ್ತೀನಿ, ಉಳಿದವುಕ್ಕೂ ರೀತಿ ಬಹುತೇಕ ಇದ ಐತಿ.

ಡ್ರೈವರ್ ಸೋರ್ಸ್ (ಬರದ ಪ್ರೋಗ್ರಾಂ) ರೂಪದಾಗ ಬರ್ತೈತಿ, ನಿಮ್ಮ ಮಷೀನ್ ಮ್ಯಾಲ ಕಂಪೈಲ್ ಮಾಡ್ಬೇಕು, ಅಂದ್ರ ಓಡುವಂಗ ಮಾಡ್ಕೋಬೇಕು. ನೆಟ್ ಇಲ್ದ ಕಂಪೈಲರ್ ಎಲ್ಲಿಂದ ತರೂದು ಅಂತ ನನಗೂ ಚಿಂತಿ ಆಗಿತ್ತು, ಉಬುಂಟು ಸಿಡಿಯೊಳಗ ಐತಿ ಅದು. ಸಿಡಿ ಹಾಕಿ ಸುಡೊ ಆಪ್ಟ್ ಡ್ಯಾಶ್ ಸಿಡಿರೋಮ್ ಆಡ್ ಅನ್ರಿ (ಸುಡೊ ಅಂದ್ರ ಅಡ್ಮಿನ್ ಅಧಿಕಾರದಿಂದ ಓಡಿಸೂದು), ಆಮ್ಯಾಲ ಆಪ್ಟ್ ಡ್ಯಾಶ್ ಗೆಟ್‌ನಿಂದ ಬಿಲ್ಡ್ ಡ್ಯಾಶ್ ಎಸೆನ್ಶಿಯಲ್ ಮತ್ತ ಲಿನಕ್ಸ್ ಡ್ಯಾಶ್ ಹೆಡರ್ಸ್ ಹಾಕ್ರಿ. ಈ ಹೆಡರ್ಸ್ (ಡ್ರೈವರ್ ಕಟ್ಟಾಕ ಬೇಕಾದ ಫೈಲು) ನಿಮ್ಮ ಕರ್ನಲ್ (ಲಿನಕ್ಸ್‌ನ ತಿರುಳು) ಆವೃತ್ತಿಗೆ ಅಂಕಿಗೆ ಅಂಕಿ ಕೂಡ್ಬೇಕು, ಯುನೇಮ್ ಡ್ಯಾಶ್ ಆರ್ ಹೊಡದ್ರ ನಿಮ್ಮ ಕರ್ನಲ್ ಯಾವುದು ಅಂತ ಬರ್ತೈತಿ, 6.06ರಾಗ 2.6.15ರಿಂದ ಶುರುವಾಗೋದು, ಹಿಂದಿನ ಬಾಲ ಸೈತ ಒಂದ ಇರ್ಬೇಕು, 386 ಇದ್ರ 386. ಇಲ್ಲಂದ್ರ ಡ್ರೈವರ್ ಹಾಕುವಾಗ ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್ ಅಂತ ಬೈಸ್ಕೊಂಡು ಕುಂದ್ರಬೇಕು. ಎಂದೂ ಅಪ್‌ಡೇಟ್ ಮಾಡದ ಮಷೀನ್ ಆದ್ರ ಸಿಡಿಯೊಳಗಿನ ಹೆಡರ್ಸ್ ಸೀದಾ ಕೂಡ್ತಾವು, ನೆಟ್ ಇಲ್ಲದವ್ರಿಗೆ ಅಷ್ಟು ಅನುಕೂಲ ಐತಿ.

ಕರ್ನಲ್ 2.6ಕ್ಕ ಹೊಂದಿಸಿದ ಎಲ್‌ಟಿಮೋಡೆಮ್ ಬ್ಯಾರೆ ಐತಿ, 2.4ರದು ತಂದ್ರ ನಡ್ಯಂಗಿಲ್ಲ, ನೆಟ್ ಸೆಂಟರಿನ್ಯಾಗ ಇಳಿಸುವಾಗ ಇದನ್ನ ಧ್ಯಾನದಾಗ ಇಡ್ರಿ. ಪೆನ್ ಡ್ರೈವ್‌ನಿಂದ ಮನಿ ಫೋಲ್ಡರಿಗೆ ಕಾಪಿ ಮಾಡ್ಕೊಂಡ ಬಿಚ್ಚರಿ, ಪೆನ್ ಡ್ರೈವ್ ಮ್ಯಾಲ ಬಿಚ್ಚಿದ್ರ ಲಿಂಕು ಪರ್ಮಿಷನ್ನು ಎಲ್ಲಾ ಹಾಳಾಗ್ತಾವು. ಫೋಲ್ಡರಿನ ಒಳಗ ಹೋಗಿ ಜೊತಿಗಿರೋ ರೀಡ್‌ಮಿ ಓದಿ ಮೇಕ್ ಹೊಡೀರಿ, ಆಮ್ಯಾಲ ಸುಡೊ ಹಚ್ಚಿ ಮೇಕ್ ಇನ್‌ಸ್ಟಾಲ್. ಮುಗದ ಮ್ಯಾಲ ಸುಡೊ ಮಾಡ್‌ಪ್ರೋಬ್ ಎಲ್‌ಟಿಸೀರಿಯಲ್. ಏನೂ ಮಾತಾಡದ ಸುಮ್ನ ಪ್ರಾಂಪ್ಟ್ ಬಂದ್ರ ಆತು ಅಂತ ಅರ್ಥ. ಡಿಎಂಇಎಸ್‌ಜಿ ಹೊಡದು ಕಡೀ ಸಾಲು ನೋಡಿದ್ರ ಮೋಡೆಮ್ ಸಿಕ್ಕಿತು ಅಂತ ಬರದಿರ್ತೈತಿ. ಒಂದು ಮಾತು ಮುಚ್ಚಿಡಂಗಿಲ್ಲ, ಈ ಡ್ರೈವರಿನ ಹೊರಗಿನ ಭಾಗಕ್ಕಷ್ಟ ಸೋರ್ಸ್ ಐತಿ, ನಟ್ಟನಡುವಿನ ಭಾಗ ಕಂಪನಿಯವ್ರು ಕಂಪೈಲ್ ಮಾಡಿ ಕೊಟ್ಟ ಬೈನರಿ, ಅದನ್ನ ತಗದು ನೋಡಾಕ ಬರಂಗಿಲ್ಲ. ಅದು ನನ್ನ ಮನಸಿಗೆ ಇವತ್ತಿಗೂ ಕೂಡಂಗಿಲ್ಲ, ಆದ್ರ ಕಾಕಾನ ಕೆಲಸ ನಡೀಬೇಕಲ್ಲ.

ಮೋಡೆಮ್ಮಿನ ಹೆಸರು ಡೆವ್ ಫೋಲ್ಡರಿನ್ಯಾಗ ಟಿಟಿವೈಎಲ್‌ಟಿಎಂ0, ಟಿಟಿವೈ ಸಣ್ಣ ಅಕ್ಷರ, ಎಲ್‌ಟಿಎಂ ದೊಡ್ಡ ಅಕ್ಷರ, ಆಮ್ಯಾಲ ಸೊನ್ನಿ. ಇದು ಕಾಣ್ಲಿಲ್ಲಂದ್ರ ಸುಡೊ ಎಂಕೆನೋಡ್ ಹೊಡದು, ಪೂರ್ತಿ ಹಾದಿ ಸಹಿತ ಆ ಹೆಸರು, ಆಮ್ಯಾಲ ಸಿ, 62, 64 ಅಂತ ಕೊಡ್ರಿ. ನಾ ಹಂಗ ಮಾಡಿ ಎಲ್ಲಾ ಸರಿ ಆತು ಅಂತ ಬಾಗಲಕೋಟಿಗೆ ವಾಪಸ್ ಬಂದೆ, ಮರುದಿನ ಮುಂಜಾನಿ ಏಳಕ್ಕ ಕಾಕಾನ ಫೋನು, ಮೋಡೆಮ್ ಇಲ್ಲ ಅಂತೈತಿ ಅಂತ. ಆಗಿದ್ದೇನಂದ್ರ, ಉಬುಂಟುನ್ಯಾಗ ಡೆವ್ ಫೋಲ್ಡರ್ ಪ್ರತಿ ಸಲ ಚಾಲೂ ಆದಾಗ ಯುಡೆವ್ ಅನ್ನೋ ಪ್ರೋಗ್ರಾಂ ಹೊಸದಾಗಿ ಕಟ್ತೈತಿ, ನಾವು ಕೈಲೆ ಮಾಡಿದ್ದು ಬಂದ್ ಮಾಡಿದ ಕೂಡ್ಲೆ ಹೋಗ್ತೈತಿ. ಅದ್ಕ ಇಟಿಸಿ ಫೋಲ್ಡರಿನ ಮಾಡ್ಯೂಲ್ಸ್ ಫೈಲಿನ ಕಡೀಕ ಎಲ್‌ಟಿಸೀರಿಯಲ್ ಅಂತ ಒಂದು ಸಾಲು ಸೇರಿಸ್ರಿ, ಆ ಎಂಕೆನೋಡ್ ಸಾಲನ್ನ ಸುಡೊ ಬಿಟ್ಟು ಚಾಲೂ ಆಗುವಾಗ ಓಡೋ ಆರ್‌ಸಿ ಡಾಟ್ ಲೋಕಲ್ ಫೈಲಿನ್ಯಾಗ ಎಕ್ಸಿಟ್ 0 ಅನ್ನೋದ್ರ ಮ್ಯಾಲ ಬರೀರಿ. ಅದ್ರ ಕೆಳಗ ಸಿಎಚ್‌ಜಿಆರ್‌ಪಿಯಿಂದ ಡಯಲ್‌ಔಟ್ ಗುಂಪಿಗೆ, ಸಿಎಚ್‌ಮಾಡ್‌ನಿಂದ 660 ಪರ್ಮಿಷನ್ ಕೊಡೋ ಸಾಲೂ ಹಾಕ್ರಿ. ಅಂಗಡಿಯೊಳಗ ಯಾರು ಕುಂದ್ರತಾರೋ ಅವ್ರ ಯೂಸರ್‌ನ ಡಯಲ್‌ಔಟ್ ಮತ್ತ ಡಿಪ್ ಅನ್ನೋ ಎರಡೂ ಗುಂಪಿಗೆ ಸೇರಿಸಿ, ಒಮ್ಮಿ ಲಾಗೌಟ್ ಆಗಿ ಬರ್ರಿ.

ಇನ್ನ ಡಯಲ್ ಮಾಡಾಕ ಅವಸರ ಮಾಡಬ್ಯಾಡ್ರಿ, ಮೋಡೆಮ್ ಮಾತಾಡ್ತೈತೋ ಇಲ್ಲೋ ಅಂತ ಮಿನಿಕಾಮ್ ಅನ್ನೋ ಪ್ರೋಗ್ರಾಂನಿಂದ ನೋಡ್ರಿ. ಸುಡೊ ಮಿನಿಕಾಮ್ ಡ್ಯಾಶ್ ಎಸ್ ಹೊಡದು ಸೀರಿಯಲ್ ಪೋರ್ಟ್ ಸೆಟಪ್‌ನ್ಯಾಗ ಡಿವೈಸ್ ಹೆಸರು ಬದಲಿಸಿ ಹೊರಗ ಬರ್ರಿ, ಖಾಲಿ ಪರದಿ ಬರ್ತೈತಿ. ಅಲ್ಲಿ ಎಟಿ ಅಂತ ಹೊಡದು ಎಂಟರ್ ಒತ್ತರಿ, ಕೆಳಗ ಓಕೆ ಅಂತ ಬಂದ್ರ ಮೋಡೆಮ್ಮಿಗೆ ಜೀವ ಐತಿ. ಆ ಎರಡು ಅಕ್ಷರ ನೋಡಿದಾಗ ರಾತ್ರಿ ಹನ್ನೊಂದೂವರಿ ಆಗಿತ್ತು, ಕಾಕಾ ಅಂಗಡಿಯೊಳಗಿನ ಪೆಂಟಿ ಬೆಲ್ಲದ ಸಾಲಿಗೆ ಒರಗಿ ತೂಕಡಿಸ್ತಿದ್ರು, ಎಬ್ಬಿಸಿ ತೋರಿಸಿದೆ.

ಆದ್ರ ಎಟಿಡಿಟಿ ಹೊಡದು ನಂಬರ್ ಕೊಟ್ರ ಐದು ಸೆಕೆಂಡ್ ಸುಮ್ನ ಇದ್ದು ನೋ ಡಯಲ್‌ಟೋನ್ ಅಂದ್ಬಿಡ್ತು. ವಾಯರ್ ಬದಲಿಸಿದೆ, ಮತ್ತ ಅದ. ಅದ ವಾಯರಿಗೆ ಫೋನ್ ಹಚ್ಚಿದ್ರ ಕಿವಿಗೆ ಡಯಲ್ ಟೋನ್ ಸ್ವಚ್ಛ ಕೇಳ್ತೈತಿ! ಕಾರಣ ಏನಂದ್ರ ಒಂದೊಂದು ದೇಶದ ಡಯಲ್ ಟೋನ್ ಒಂದೊಂದು ನಮೂನಿ. ಅಮೆರಿಕಾದಾಗ 350 ಮತ್ತ 440 ಹರ್ಟ್ಜ್ ಎರಡು ಸ್ವರ ಕೂಡಿಸಿ ಬರ್ತೈತಿ, ನಮ್ಮಲ್ಲಿ 400 ಹರ್ಟ್ಜ್ ಸ್ವರಾನ 25 ಹರ್ಟ್ಜ್‌ನಿಂದ ಅಲುಗಾಡಿಸಿ ಕೊಡ್ತಾರು, ಅದ್ಕ ನಮ್ಮ ಫೋನಿನ ಟೋನ್ ಗುರ್‌ಗುರ್ ಅಂತ ಕೇಳ್ತೈತಿ. ಅಮೆರಿಕಾಕ್ಕಂತ ಸೆಟ್ ಆದ ಮೋಡೆಮ್ ಇದನ್ನ ಟೋನ್ ಅಂತ ಒಪ್ಪಂಗಿಲ್ಲ. ಎರಡು ಉಪಾಯ ಅದಾವು. ಎಟಿ ಪ್ಲಸ್ ಜಿಸಿಐ ಸಮ 53 ಅಂತ ಹೊಡದ್ರ ದೇಶ ಭಾರತ ಆಗ್ತೈತಿ, ಮೋಡೆಮ್ ಒಪ್ಪಿದ್ರ ಓಕೆ ಅಂತೈತಿ. ಎರರ್ ಅಂದ್ರ ಎಟಿಎಕ್ಸ್3 ಹೊಡೀರಿ, ಟೋನ್ ಬರಲಿ ಬಿಡಲಿ ಡಯಲ್ ಮಾಡು ಅಂತ ಅದ್ರ ಅರ್ಥ. ನಮ್ಮ ಕಾರ್ಡಿಗೆ ಎಕ್ಸ್3 ಸಾಕಾತು. ವಿಂಡೋಸ್‌ನ್ಯಾಗೂ ಡಯಲ್ ಟೋನಿಗೆ ಕಾಯೋ ಟಿಕ್ ತಗಿಯೂದು ಇದಕ್ಕ. ಹಳೇ ಎಕ್ಸ್‌ಚೇಂಜ್ ಇರೋ ಊರಿನ್ಯಾಗ ಟೋನ್ ಡಯಲಿಂಗ್ ನಡಿಲಿಲ್ಲಂದ್ರ ಎಟಿಡಿಟಿ ಬದ್ಲಿ ಎಟಿಡಿಪಿ ಕೊಟ್ಟು ನೋಡ್ರಿ, ಕಟ್‌ಕಟ್ ಅಂತ ಪಲ್ಸ್ ಹೊಡದು ಡಯಲ್ ಮಾಡ್ತೈತಿ. ಅತ್ತಲಾಗಿನ ಮೋಡೆಮ್ ಎತ್ತಿ ಕಿರ್‌ರ್ ಅಂತ ಚೀರಿತು ಅಂದ್ರ ಲೈನ್ ಸರಿ ಐತಿ, ಕಂಟ್ರೋಲ್ ಎ ಒತ್ತಿ ಬಿಟ್ಟು ಎಕ್ಸ್ ಒತ್ತಿ ಮಿನಿಕಾಮ್ ಬಿಡ್ರಿ, ಅದು ಹಿಡ್ಕೊಂಡು ಕುಂತ್ರ ಬ್ಯಾರೆ ಪ್ರೋಗ್ರಾಮಿಗೆ ಮೋಡೆಮ್ ಸಿಗಂಗಿಲ್ಲ.

ಖರೇ ಕನೆಕ್ಷನ್‌ಗೆ ಡಬ್ಲ್ಯುವಿಡಯಲ್ ಅನ್ನೋ ಡಯಲ್ ಮಾಡೋ ಪ್ರೋಗ್ರಾಂ ಹಗರ. ಅದ್ರ ಕಾನ್ಫ್ ಮಾಡೋ ಪ್ರೋಗ್ರಾಂ ಟಿಟಿವೈಎಸ್ ಪೋರ್ಟ್ ಹುಡುಕಾಕ ಹೋಗಿ ನಮ್ಮ ಮೋಡೆಮ್ ಸಿಗಲಿಲ್ಲ ಅಂದ್ರ ಗಾಬರಿ ಆಗಬ್ಯಾಡ್ರಿ, ಇಟಿಸಿ ಫೋಲ್ಡರಿನ ಡಬ್ಲ್ಯುವಿಡಯಲ್ ಡಾಟ್ ಕಾನ್ಫ್ ಫೈಲ್ ತಗದು ಕೈಲೆ ಬರೀರಿ. ಮೋಡೆಮ್ ಅನ್ನೋ ಸಾಲಿಗೆ ಡಿವೈಸ್ ಹೆಸರು, ಬಾಡ್ 115200, ಇನಿಟ್1 ಎಟಿಜೆಡ್, ಇನಿಟ್2 ಎಟಿಎಕ್ಸ್3, ಫೋನ್ ಸಾಲಿಗೆ ನಿಮ್ಮ ನೆಟ್ ಕೊಡೋರ ಡಯಲ್ ನಂಬರ್, ಆಮ್ಯಾಲ ಯೂಸರ್‌ನೇಮ್, ಪಾಸ್‌ವರ್ಡ್. ಸ್ಟುಪಿಡ್ ಮೋಡ್ ಅನ್ನೋ ಸಾಲಿಗೆ ಯೆಸ್ ಕೊಡ್ರಿ, ಹೆಸರು ವಿಚಿತ್ರ ಐತಿ ಖರೆ, ಕೆಲಸ ಭಾಳ ಮಾಡ್ತೈತಿ, ಕನೆಕ್ಟ್ ಆದ ಕೂಡ್ಲೆ ಲಾಗಿನ್ ಪ್ರಶ್ನೆಗೆ ಕಾಯದ ಸೀದಾ ಪಿಪಿಪಿ (ಫೋನ್ ಲೈನಿನ ಮ್ಯಾಲ ನೆಟ್ ನಡಸೋ ಪದ್ಧತಿ) ಶುರು ಮಾಡ್ತೈತಿ. ಡಬ್ಲ್ಯುವಿಡಯಲ್ ನಡುವ ಸುಮ್ನ ನಿಲ್ಲೂದು ಬಹಳ ಸಲ ಇದ ಇಲ್ಲದ್ದಕ್ಕ. ಆಮ್ಯಾಲ ಸುಡೊ ಡಬ್ಲ್ಯುವಿಡಯಲ್ ಹೊಡೀರಿ, ಲೋಕಲ್ ಐಪಿ, ರಿಮೋಟ್ ಐಪಿ, ಡಿಎನ್‌ಎಸ್ ಅಂತ ಸಾಲು ಬಂದ್ರ ನೆಟ್ ಬಂತು. ಬಂದ್ ಮಾಡಾಕ ಅದ ಕಿಡಕಿಯೊಳಗ ಕಂಟ್ರೋಲ್ ಸಿ. ಕಂಪ್ಯೂಟರ್ ಗೊತ್ತಿಲ್ಲದವ್ರಿಗೆ ಡೆಸ್ಕ್‌ಟಾಪ್ ಮ್ಯಾಲ ಒಂದು ಲಾಂಚರ್ ಮಾಡಿ ಕೊಡ್ರಿ, ಕಾಕಾಗ ನಾ ಹಂಗ ಮಾಡೀನಿ, ಅದಕ್ಕ ನೆಟ್ ಅಂತ ಕನ್ನಡದಾಗ ಹೆಸರು ಇಟ್ಟೀನಿ.

ಐಪಿ ಬಂತು, ಪುಟ ಬರವಲ್ದು ಅಂದ್ರ ಎರಡು ಕಡೆ ನೋಡ್ರಿ. ಅಂಗಡಿಯೊಳಗ ಎರಡು ಕಂಪ್ಯೂಟರ್ ಕೇಬಲ್‌ನಿಂದ ಜೋಡಿಸಿದ್ರ ಡಿಫಾಲ್ಟ್ ರೂಟ್ (ಹೊರಗ ಹೋಗೋ ದಾರಿ) ಇಟಿಎಚ್0 ಅನ್ನೋ ಕೇಬಲ್ ಪೋರ್ಟ್ ಹಿಡ್ಕೊಂಡಿರ್ತೈತಿ, ಪಿಪಿಪಿ ಬಂದು ನೋಡಿ ಇದ್ದ ರೂಟ್ ಬದಲಿಸಂಗಿಲ್ಲ ಅಂತ ಲಾಗ್‌ನ್ಯಾಗ ಬರದು ಸುಮ್ನ ಆಗ್ತೈತಿ. ಸುಡೊ ರೂಟ್ ಡೆಲ್ ಡಿಫಾಲ್ಟ್ ಹೊಡದು ಮತ್ತೊಮ್ಮಿ ಡಯಲ್ ಮಾಡ್ರಿ. ಅದಲ್ಲಂದ್ರ ಡಿಎನ್‌ಎಸ್, ಅಂದ್ರ ಹೆಸರನ್ನ ಐಪಿ ಅಂಕಿ ಮಾಡೂದು. ಅಂಕಿ ಐಪಿಗೆ ಪಿಂಗ್ ಹೋಗ್ತೈತಿ, ಹೆಸರಿಗೆ ಹೋಗಂಗಿಲ್ಲ ಅಂದ್ರ ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ತಗದು ಡಬ್ಲ್ಯುವಿಡಯಲ್ ತೋರಿಸಿದ ಡಿಎನ್‌ಎಸ್ ಅಂಕಿ ಅಲ್ಲಿ ಐತೋ ಇಲ್ಲೋ ನೋಡ್ರಿ, ಪಿಪಿಪಿ ಆಪ್ಷನ್ಸ್‌ನ್ಯಾಗ ಯೂಸ್‌ಪೀರ್‌ಡಿಎನ್‌ಎಸ್ ಸಾಲು ಇದ್ರ ತಾನ ಬರ್ಕೋತೈತಿ.

ಸ್ಪೀಡ್ ಬಗ್ಗೆ ಬಹಳ ಮಂದಿ ತಪ್ಪು ತಿಳೀತಾರು. ಕನೆಕ್ಟ್ 115200 ಅಂತ ಬಂದ್ರ ಅದು ಕಂಪ್ಯೂಟರ್‌ಗೂ ಮೋಡೆಮ್ಮಿಗೂ ನಡುವಿನ ಸ್ಪೀಡು, ಲೈನಿಂದಲ್ಲ. ಎಟಿಡಬ್ಲ್ಯು2 ಕೊಟ್ರ ಖರೇ ಲೈನ್ ಸ್ಪೀಡ್ ತೋರಿಸ್ತೈತಿ, 44000, 49333 ಹಿಂಗ. ವಿ.90 (56ಕೆ ಮೋಡೆಮ್ಮಿನ ಮಾನಕ) ಮೋಡೆಮ್ ಅಂದ್ರೂ 56ಕೆ ಇರೂದು ಕೆಳಗ ಇಳಿಸೂದಕ್ಕಷ್ಟ, ಮ್ಯಾಲ ಕಳಸೂದು 33600 ದಾಟಂಗಿಲ್ಲ. ಲೈನಿನ್ಯಾಗ ಕರಕರ ಸಪ್ಪಳ ಇದ್ರ, ಮನಿ ಮ್ಯಾಲಿನ ಜೋಡಣಿ ತುಕ್ಕು ಹಿಡದಿದ್ರ ಇನ್ನೂ ಇಳೀತೈತಿ, ಲೈನ್‌ಮನ್ನಿಗೆ ಹೇಳಿ ಜೋಡಣಿ ಹೊಸದು ಮಾಡಿಸಿದ್ರ ಕಾಕಾನ ಅಂಗಡಿಯೊಳಗ ಕಣ್ಣಿಗೆ ಕಾಣುವಷ್ಟು ಫರಕ್ ಆತು. ಪ್ಯಾರಲಲ್ ಫೋನ್ ಇದ್ರ ಒಳಗ ಯಾರರೆ ರಿಸೀವರ್ ಎತ್ತಿದ ಕೂಡ್ಲೆ ಕನೆಕ್ಷನ್ ಹರೀತೈತಿ, ಕಾಲ್ ವೇಟಿಂಗ್ ಟೋನಿಗೂ ಹಂಗ, ನೆಟ್ ನೋಡುವಾಗ ಅದನ್ನ ಬಂದ್ ಮಾಡಿಸಿ ಇಡ್ರಿ.

ಇದೆಲ್ಲಾ ನಡದ ಮ್ಯಾಲ ಎಲ್‌ಟಿಮೋಡೆಮ್ ಸೋರ್ಸು, ಕಾನ್ಫ್ ಫೈಲು, ಆರ್‌ಸಿ ಡಾಟ್ ಲೋಕಲ್ ಫೈಲು ಮೂರೂ ಒಂದು ಸಿಡಿಗೆ ಬರದು ಅಂಗಡಿಯೊಳಗ ಇಡ್ರಿ. ನೆಟ್ ಬಂತಲ್ಲ ಅಂತ ಕರ್ನಲ್ ಅಪ್‌ಡೇಟ್ ಮಾಡಿದ್ರಿ ಅಂದ್ರ ಮೋಡೆಮ್ ಮತ್ತ ಸುಮ್ನ ಆಗ್ತೈತಿ, ಹೊಸ ಕರ್ನಲ್‌ಗೆ ಹೊಸ ಹೆಡರ್ಸ್ ಜೊತಿಗೆ ಮತ್ತೊಮ್ಮಿ ಮೇಕ್ ಮಾಡ್ಬೇಕು. ಹೆಡರ್ಸ್‌ನ ಕರ್ನಲ್ ಸಂಗಾಟ ಒಮ್ಮಿಗೇ ಇಳಿಸಿ ಇಟ್ಕೋರಿ, ಹಳೇ ಕರ್ನಲ್ ತಗೀಬ್ಯಾಡ್ರಿ, ಚಾಲೂ ಆಗುವಾಗ ಬರೋ ಗ್ರಬ್ ಮೆನುನ್ಯಾಗ ಹಳೇದು ಆರಿಸಿದ್ರ ಮೋಡೆಮ್ ವಾಪಸ್ ಬರ್ತೈತಿ.

ಮತ್ತ ಎಪ್ರಿಲ್ ಮೇ ತಿಂಗಳದಾಗ ಸಂಜಿ ಮುಂದ ಮಾಡ ಕಟ್ಟಿ ಗುಡುಗು ಶುರುವಾದ್ರ ಕರೆಂಟಿನ ಪ್ಲಗ್ ತಗದ್ರ ಸಾಲಂಗಿಲ್ಲ, ಮೋಡೆಮ್ಮಿನಿಂದ ಫೋನಿನ ವಾಯರ್ ಕಿತ್ತು ಇಡ್ರಿ. ಸಿಡಿಲು ಲೈನಿನ ಮ್ಯಾಲ ಹರದು ಬರ್ತೈತಿ, ನಮ್ಮ ಓಣಿಯೊಳಗ ಒಂದ ಸಂಜಿಗೆ ಎರಡು ಮನಿ ಮೋಡೆಮ್ ಸುಟ್ಟಾವು. ಕಾಕಾ ಈಗ ಅಂಗಡಿ ಬಾಗಲಾ ಹಾಕೂಕಿಂತ ಮದ್ಲ ವಾಯರ್ ಕಿತ್ತು, ಸುತ್ತಿ, ತಕ್ಕಡಿ ಮ್ಯಾಲಿನ ಮೊಳಿಗೆ ತೂಗ ಹಾಕಿ ಹೋಗ್ತಾರು.